ಅಮೆರಿಕದ ಕಾಲೇಜ್ ಬಾಸ್ಕೆಟ್‌ಬಾಲ್‌ಗೆ ಕಳಿಸುವ ಮುಂಬೈ ಕನ್ಸಲ್ಟೆನ್ಸಿ: ವಿಡಿಯೋ ಚೆನ್ನಾಗಿದೆ, ವಯಸ್ಸಿನ ಲೆಕ್ಕ ಸರಿಯಿಲ್ಲ

ಮಕ್ಕಳನ್ನು ಅಮೆರಿಕದ ಕಾಲೇಜ್ ಟೀಮ್‌ಗೆ ಸೇರಿಸ್ತೇವೆ, ಅಲ್ಲಿಂದ ಎನ್‌ಬಿಎ (ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ದಾರಿ ತೆರೆಯುತ್ತದೆ ಅಂತ ಹೇಳುವ ಒಂದು ಕನ್ಸಲ್ಟೆನ್ಸಿಯ ಪ್ಯಾಕೇಜ್ ನಾವು ತಗೊಂಡಿದ್ದೆವು. ಹೆಸರು ಬೇಡ. ಮಗ ಮಾಟುಂಗಾದಲ್ಲಿ ಆಡುತ್ತಾನೆ, ಹನ್ನೆರಡನೇ ಕ್ಲಾಸ್. ಇಲ್ಲಿನ ಕನ್ನಡಿಗರ ಮೈಸೂರು ಅಸೋಸಿಯೇಷನ್ ಕಡೆ ಸಿಕ್ಕಿದವರೆಲ್ಲ ಹೇಗಿದೆ ಅಂತ ಕೇಳ್ತಾ ಇದ್ದಾರೆ, ಅದಕ್ಕೇ ಬರೀತಾ ಇದ್ದೇನೆ.

ಮೊದಲು ಒಳ್ಳೆಯದು. ವಿಡಿಯೋ ಕೆಲಸ ನಿಜಕ್ಕೂ ಚೆನ್ನಾಗಿ ಮಾಡುತ್ತಾರೆ. ಕ್ಯಾಮೆರಾ ಹುಡುಗ ಕೋರ್ಟ್‌ನ ಮೂಲೆಯಲ್ಲಿ ಎತ್ತರಕ್ಕೆ ಸ್ಟ್ಯಾಂಡ್ ಹಾಕಿ ಇಡೀ ಮ್ಯಾಚ್ ತೆಗೆದ, ಬರೀ ಬಾಸ್ಕೆಟ್ ಹಾಕಿದ ತುಣುಕುಗಳನ್ನಲ್ಲ. ಎಡಿಟ್ ಮಾಡುವಾಗ ಪ್ರತಿ ಕ್ಲಿಪ್ ಶುರುವಿಗೆ ಮಗನ ಸುತ್ತ ಒಂದು ಸಣ್ಣ ವೃತ್ತ ಹಾಕಿದ್ದಾರೆ, ಯಾರನ್ನು ನೋಡಬೇಕು ಅಂತ ಕೋಚ್‌ಗೆ ತಕ್ಷಣ ಗೊತ್ತಾಗುತ್ತದೆ. ಡಿಫೆನ್ಸ್‌ನಲ್ಲಿ ವಾಪಸ್ ಓಡಿ ಬರೋದು, ಎಡಗೈ ಲೇಅಪ್, ಸ್ಕ್ರೀನ್ ಹಾಕೋದು ಎಲ್ಲ ಇದೆ. ಕೋಚ್‌ಗಳಿಗೆ ಇಮೇಲ್ ಬರೆಯೋದಕ್ಕೂ ಸಹಾಯ ಮಾಡಿದರು, ಭಾಷೆ ಸರಳವಾಗಿತ್ತು.

ಸಮಸ್ಯೆ ಇರೋದು ಸಲಹೆಯಲ್ಲಿ. ಕೌನ್ಸೆಲರ್ ಹೇಳಿದ್ದು ಇಷ್ಟು: ಹನ್ನೆರಡನೇ ಕ್ಲಾಸ್ ಮುಗಿದ ಮೇಲೆ ಎರಡು ವರ್ಷ ಇಲ್ಲೇ ಆಡಲಿ, ಮೈ ಕಟ್ಟಲಿ, ಆಮೇಲೆ ಕಳಿಸೋಣ, 19 ಆದರೆ ಎನ್‌ಬಿಎಗೂ ಅರ್ಹ ಆಗ್ತಾನೆ. ಕೇಳೋದಕ್ಕೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಎನ್‌ಬಿಎ ನಿಯಮ ಬೇರೆ, ಕಾಲೇಜ್ ಆಟ ನಡೆಸುವ ಎನ್‌ಸಿಎಎ ನಿಯಮ ಬೇರೆ. ಅದರ ಅತಿ ಮೇಲಿನ ಹಂತವಾದ ಡಿವಿಷನ್ ಒಂದರಲ್ಲಿ ಶಾಲೆ ಮುಗಿದ ಮೇಲೆ ಕಾಲೇಜ್ ಸೇರಲು ಸಿಗುತ್ತಾ ಬಂದಿರೋದು ಸುಮಾರು ಒಂದು ವರ್ಷದ ರಿಯಾಯಿತಿ. ಅದು ದಾಟಿ ಹೊರಗೆ ಟೂರ್ನಮೆಂಟ್ ಆಡ್ತಾ ಇದ್ದರೆ ಕಾಲೇಜ್‌ನಲ್ಲಿ ಆಡುವ ವರ್ಷಗಳೇ ಕಡಿಮೆ ಆಗುತ್ತವೆ. ಅಂದರೆ ಮೈ ಕಟ್ಟಲಿ ಅಂತ ಕಾಯಿಸುವ ಆ ಎರಡು ವರ್ಷದಲ್ಲಿ ಒಂದನ್ನು ಮಗ ಅಲ್ಲಿ ಕಳೆದುಕೊಳ್ಳುತ್ತಾನೆ. ದುಡ್ಡು ತಗೊಂಡು ಸಲಹೆ ಕೊಡುವವರು ಇದನ್ನು ಮೊದಲ ಮೀಟಿಂಗ್‌ನಲ್ಲೇ ಹೇಳಬೇಕು. ನನಗೆ ಸಿಟ್ಟು ಬಂದದ್ದು ಇಲ್ಲೇ.

19ರ ಮಾತೂ ಅರ್ಧ ಮಾತ್ರ ನಿಜ. ಎನ್‌ಬಿಎ ಮತ್ತು ಆಟಗಾರರ ಸಂಘದ 2005ರ ಒಪ್ಪಂದದಲ್ಲಿ ಬಂದು 2006ರ ಡ್ರಾಫ್ಟ್‌ನಿಂದ (ಎನ್‌ಬಿಎ ತಂಡಗಳು ಪ್ರತಿ ವರ್ಷ ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದು) ಜಾರಿಯಾದ ನಿಯಮ ಅದು. ಡ್ರಾಫ್ಟ್ ನಡೆಯುವ ವರ್ಷದೊಳಗೆ 19 ತುಂಬಬೇಕು, ಜೊತೆಗೆ ಅಮೆರಿಕದಲ್ಲಿ ಓದಿದವನಾದರೆ ಹೈಸ್ಕೂಲ್ ಮುಗಿದು ಒಂದು ಎನ್‌ಬಿಎ ಸೀಸನ್ ಕಳೆದಿರಬೇಕು. ಅದಕ್ಕೂ ಮುಂಚೆ ಶಾಲೆಯಿಂದ ನೇರವಾಗಿ ಹೋಗಬಹುದಿತ್ತು, 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಹಾಗೇ ಹೋದವರು. ಇಲ್ಲೇ ಉಳಿದ ಭಾರತದ ಹುಡುಗ 22 ತುಂಬುವ ವರ್ಷ ಹೆಸರು ಕೊಡದಿದ್ದರೂ ಡ್ರಾಫ್ಟ್‌ಗೆ ಅರ್ಹ. ಅಮೆರಿಕದ ಕಾಲೇಜಿಗೆ ಸೇರಿದ ಮೇಲೆ ಆ ಲೆಕ್ಕ ಅವನಿಗೆ ಅನ್ವಯಿಸಲ್ಲ. ಈ ವ್ಯತ್ಯಾಸ ಕೇಳಿದಾಗ ಕೌನ್ಸೆಲರ್ ಸುಮ್ನೆ ಟ್ಯಾಬ್ಲೆಟ್ ತಿರುವಿ ಹಾಕುತ್ತಾ ಕೂತರು.

ಆಫೀಸ್ ಗೋಡೆ ಮೇಲೆ ಸತ್ನಾಮ್ ಸಿಂಗ್ ಫೋಟೊ ಇದೆ, ಕಾಲೇಜ್ ದಾರಿಗೆ ಉದಾಹರಣೆ ಅಂತ ತೋರಿಸುತ್ತಾರೆ. ಆತ ಕಾಲೇಜ್ ಆಡಲೇ ಇಲ್ಲ. ಫ್ಲಾರಿಡಾದ ಐಎಂಜಿ ಅಕಾಡೆಮಿ ಅನ್ನುವ ಕ್ರೀಡಾ ಶಾಲೆಯಿಂದ 2015ರಲ್ಲಿ 19ನೇ ವಯಸ್ಸಿಗೆ ಡ್ರಾಫ್ಟ್‌ಗೆ ಹೋದ, ಡಲ್ಲಾಸ್ ಮ್ಯಾವರಿಕ್ಸ್ 52ನೇ ಆಯ್ಕೆಯಾಗಿ ತಗೊಂಡಿತು. ಪಂಜಾಬಿನ ಒಂದು ಹಳ್ಳಿಯ ಏಳಡಿ ಎರಡು ಇಂಚಿನ ಹುಡುಗನ ಸಾಧನೆ ದೊಡ್ಡದು, ಆದರೂ ಎನ್‌ಬಿಎ ಸೀಸನ್‌ನಲ್ಲಿ ಒಂದು ಪಂದ್ಯವೂ ಆಡಲು ಸಿಗಲಿಲ್ಲ. ತಂದೆತಾಯಿಗೆ ಇಷ್ಟೂ ಹೇಳಬೇಕು.

ಒಂದು ವಿಷಯ ಅವರು ಸರಿಯಾಗಿ ಹೇಳಿದರು. ಕಾಲೇಜ್ ಆಟಗಾರ ಡ್ರಾಫ್ಟ್‌ಗೆ ಹೆಸರು ಕೊಟ್ಟು, ಬೇಡ ಅನ್ನಿಸಿದರೆ ವಾಪಸ್ ಬಂದು ಕಾಲೇಜ್‌ಗೇ ಆಡಬಹುದು. ಆದರೆ ಹೆಸರು ಹಿಂತೆಗೆಯೋದಕ್ಕೆ ಎನ್‌ಸಿಎಎ ಗಡುವು ಬೇರೆ, ಎನ್‌ಬಿಎ ಗಡುವು ಅದಕ್ಕಿಂತ ತಡ. ಮೊದಲನೆಯದು ತಪ್ಪಿದರೆ ಕಾಲೇಜ್ ಬಾಗಿಲು ಮುಚ್ಚಬಹುದು. 2021ರಿಂದ ಆಟಗಾರರು ತಮ್ಮ ಹೆಸರು, ಫೋಟೊದಿಂದ ದುಡಿಯಬಹುದು ಅಂತಲೂ ಜಾಸ್ತಿ ಆಸೆ ಹುಟ್ಟಿಸುತ್ತಾರೆ, ನಮ್ಮ ಮಕ್ಕಳು ಹೋಗುವ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ದುಡಿಮೆಗೆ ಎಷ್ಟು ನಿರ್ಬಂಧ ಇದೆ ಅಂತ ಹೇಳಲ್ಲ.

ಮಾರ್ಕ್ಸ್ ಬಗ್ಗೆಯೂ ಮೊದಲೇ ಕೇಳಿ. ಡಿವಿಷನ್ ಒಂದಕ್ಕೆ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತ, ವಿಜ್ಞಾನದಂಥವು), ಅವುಗಳಲ್ಲಿ 2.3 ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಬೇಕು, ಒಂಬತ್ತನೇ ಕ್ಲಾಸಿನಿಂದ ಮಾರ್ಕ್ಸ್ ಕಾರ್ಡ್ ಕೊಡಬೇಕು. ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್ ವೆಬ್‌ಸೈಟ್‌ನಲ್ಲಿ ಪ್ರೊಫೈಲ್ ಮಾಡೋದು ಉಚಿತ, ಮನೆಯಲ್ಲೇ ಕೂತು ಮಾಡಬಹುದು. ಕಾಲೇಜ್ ನಿಯಮಗಳು ಈಚೆಗೆ ಮೇಲಿಂದ ಮೇಲೆ ಬದಲಾಗುತ್ತಿವೆ, ಹಾಗಾಗಿ ಯಾವುದೇ ದಿನಾಂಕವನ್ನು ಅಲ್ಲೇ ನೋಡಿ ಖಚಿತ ಮಾಡಿಕೊಳ್ಳಿ.

ಐದಕ್ಕೆ ಎರಡು ಸ್ಟಾರ್, ಅವೆರಡೂ ವಿಡಿಯೋ ಟೀಮ್‌ಗೆ. ಪೂರ್ತಿ ಪ್ಯಾಕೇಜ್ ತಗೋಬೇಡಿ. ಬರೀ ವಿಡಿಯೋ ಕೆಲಸವನ್ನೂ ಬೇರೆಯಾಗಿ ಮಾಡಿಕೊಡುತ್ತಾರೆ, ಕೌಂಟರ್‌ನಲ್ಲಿ ಕೇಳಿದರೆ ಮಾತ್ರ ಹೇಳುತ್ತಾರೆ.