ಕೆ-ರೇರಾ: ವಿದೇಶದಲ್ಲಿರುವ ಫ್ಲ್ಯಾಟ್ ಖರೀದಿದಾರರಿಗೆ ಎಷ್ಟು ಆಸರೆ?

ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇದ್ದುಕೊಂಡು ಬೆಂಗಳೂರಿನ ಫ್ಲ್ಯಾಟಿಗೆ ಕಂತು ಕಟ್ಟುತ್ತಿರುವ ಎನ್‌ಆರ್‌ಐ, ಓಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆ) ಖರೀದಿದಾರರಿಗೆ ಬಿಲ್ಡರ್ ಕೈಕೊಟ್ಟರೆ ಮೊದಲ ಆಸರೆ ಕರ್ನಾಟಕ ರೇರಾ, ಅಂದರೆ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ದೂರು ಕೊಡುವುದು ಸುಲಭ, ಆದೇಶವೂ ಸಿಗುತ್ತದೆ. ದುಡ್ಡು ಮಾತ್ರ ಸತಾಯಿಸುತ್ತದೆ.

ಈ ಸೇವೆಯಲ್ಲಿ ಅತ್ಯಂತ ಉಪಯುಕ್ತವಾದದ್ದು ದೂರಿನ ವಿಭಾಗವಲ್ಲ, ಪ್ರಾಜೆಕ್ಟ್ ಹುಡುಕುವ ಪುಟ. ಬ್ರೋಷರ್‌ನಲ್ಲಿರುವ ‘ಪಿಆರ್‌ಎಂ/ಕೆಎ/ರೇರಾ’ ಎಂದು ಶುರುವಾಗುವ ನೋಂದಣಿ ಸಂಖ್ಯೆ ಹಾಕಿ ನೋಡಿ. ಮಂಜೂರಾದ ನಕ್ಷೆ, ಮುಗಿಸಬೇಕಾದ ದಿನಾಂಕ, ತ್ರೈಮಾಸಿಕ ವರದಿ ಅಲ್ಲಿರಬೇಕು. ಸೇಲ್ಸ್‌ನವರು ಬಾಯಲ್ಲಿ ಹೇಳುವ ಸ್ವಾಧೀನದ ದಿನಾಂಕವೂ ಅಲ್ಲಿರುವ ದಿನಾಂಕವೂ ಬೇರೆಯಾಗಿದ್ದರೆ ಅಲ್ಲೇ ನಿಲ್ಲಿ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ನೋಂದಣಿ ಕಡ್ಡಾಯವಲ್ಲ. ಬಡಾವಣೆಯೊಳಗಿನ ಸಣ್ಣ ಅಪಾರ್ಟ್‌ಮೆಂಟ್ ಕೊಳ್ಳುವವರು ಇದನ್ನು ಮರೆಯಬಾರದು. ಇನ್ನೊಂದು: ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ (ರೇರಾ ಕಾಯ್ದೆಯ ಕಲಂ 13). ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಲಾಟ್‌ಮೆಂಟ್ ಲೆಟರ್ ನಂಬಿ ಶೇ. 30 ಕಳಿಸಿಬಿಡುವವರು ಬಹಳ.

ಸ್ವಾಧೀನ ತಡವಾದರೆ ಕಲಂ 18ರ ಪ್ರಕಾರ ಎರಡು ದಾರಿ: ಪ್ರಾಜೆಕ್ಟ್ ಬಿಟ್ಟು ಬಡ್ಡಿಸಮೇತ ಪೂರ್ತಿ ಹಣ ವಾಪಸ್ ಕೇಳಬಹುದು, ಇಲ್ಲವೇ ಫ್ಲ್ಯಾಟ್ ಇಟ್ಟುಕೊಂಡು ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಬಡ್ಡಿ ದರ ಎಸ್‌ಬಿಐನ ಗರಿಷ್ಠ ಎಂಸಿಎಲ್‌ಆರ್ (ಬ್ಯಾಂಕ್ ಸಾಲಕ್ಕೆ ಆಧಾರವಾಗುವ ಬಡ್ಡಿ ದರ) ಮೇಲೆ ಶೇ. 2. ಹಣ ವಾಪಸ್ ಮತ್ತು ಬಡ್ಡಿಗೆ ನಮೂನೆ ಎನ್, ಶುಲ್ಕ 1,000 ರೂಪಾಯಿ. ನಷ್ಟ ಪರಿಹಾರಕ್ಕೆ ನಮೂನೆ ಓ, ಶುಲ್ಕ 5,000. ಅದು ನ್ಯಾಯನಿರ್ಣಯ ಅಧಿಕಾರಿಯ ಮುಂದೆ ಹೋಗುತ್ತದೆ. ಇವೆರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಪ್ರಕರಣ ಎಳೆಯುತ್ತದೆ. ಈ ಗೆರೆಯನ್ನು ಸುಪ್ರೀಂ ಕೋರ್ಟ್ 2021ರಲ್ಲೇ ಸ್ಪಷ್ಟಪಡಿಸಿದೆ. ಅಗ್ರಿಮೆಂಟ್, ರಸೀದಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಇಮೇಲ್‌ಗಳ ಜೊತೆಗೆ ಯಾವ ದಿನ ಎಷ್ಟು ಕಟ್ಟಿದ್ದೀರಿ ಎಂಬ ಪಟ್ಟಿಯನ್ನೂ ಲಗತ್ತಿಸಿ. ಬಡ್ಡಿಯ ಲೆಕ್ಕ ನಿಲ್ಲುವುದೇ ಆ ಪಟ್ಟಿಯ ಮೇಲೆ.

ವಿಡಿಯೋ ಕಾನ್ಫರೆನ್ಸ್ ವಿಚಾರಣೆ ಹೊರದೇಶದವರಿಗೆ ದೊಡ್ಡ ಅನುಕೂಲ. ಆದರೂ ಸಹಿ, ಓಡಾಟಕ್ಕೆ ಊರಲ್ಲಿರುವ ಅಪ್ಪನಿಗೋ ಅಣ್ಣನಿಗೋ ಪವರ್ ಆಫ್ ಅಟಾರ್ನಿ ಬೇಕಾಗುತ್ತದೆ. ಅದನ್ನು ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ, ಇಲ್ಲವೇ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶವಾದರೆ ನೋಟರಿ ಮಾಡಿಸಿ ಅಪೊಸ್ಟಿಲ್ (ಅಲ್ಲಿನ ಸರ್ಕಾರದ ದೃಢೀಕರಣ ಮುದ್ರೆ) ಹಾಕಿಸಿ. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಲೇಬೇಕು. ಬೀರುವಿನಲ್ಲಿಟ್ಟು ಮರೆತರೆ ಬೇಕಾದ ಹೊತ್ತಿಗೆ ಕೈಕೊಡುವ ಕಾಗದ ಇದೇ.

ಸೇವೆ ಸೊರಗುವುದು ವಸೂಲಿಯಲ್ಲಿ. ಬಿಲ್ಡರ್ ಕಟ್ಟದಿದ್ದರೆ ರೇರಾ ವಸೂಲಿ ಪತ್ರ ಹೊರಡಿಸುತ್ತದೆ, ಆದರೆ ಆಸ್ತಿ ಜಪ್ತಿ ಮಾಡುವುದು ಕಂದಾಯ ಇಲಾಖೆ. ನೂರೆಂಟು ಕೆಲಸಗಳ ನಡುವೆ ತಹಶೀಲ್ದಾರರಿಗೆ ಇದೂ ಒಂದು ಕಡತ. ಬಿಲ್ಡರ್ ಹೆಸರಿನಲ್ಲಿರುವ, ಅಡಮಾನವಿಲ್ಲದ ಆಸ್ತಿಯ ಸರ್ವೆ ನಂಬರ್ ಹುಡುಕಿಕೊಟ್ಟರೆ ಕೆಲಸ ಮುಂದಕ್ಕೆ ಹೋಗುವ ಸಾಧ್ಯತೆ ಹೆಚ್ಚು. ಬಿಲ್ಡರ್ ಮೇಲ್ಮನವಿಗೆ ಹೋದರೆ ಒಂದು ರೀತಿಯಲ್ಲಿ ಒಳ್ಳೆಯದೇ: ಆದೇಶದ ಪೂರ್ತಿ ಮೊತ್ತವನ್ನು ನ್ಯಾಯಮಂಡಳಿಯಲ್ಲಿ ಮೊದಲೇ ಠೇವಣಿ ಇಡಬೇಕು (ಕಲಂ 43(5)).

ವಾಪಸ್ ಬರುವ ಹಣ ಯಾವ ಖಾತೆಗೆ ಎಂಬುದನ್ನೂ ಅರ್ಜಿಯಲ್ಲೇ ಬರೆದುಬಿಡಿ. ಮೊದಲು ಎನ್‌ಆರ್‌ಇ ಖಾತೆಯಿಂದ (ವಿದೇಶಿ ಗಳಿಕೆಯನ್ನು ಇಲ್ಲಿ ರೂಪಾಯಿಯಲ್ಲಿ ಇಡುವ ಅನಿವಾಸಿ ಖಾತೆ) ಕಟ್ಟಿದ್ದರೆ, ಬುಕಿಂಗ್ ರದ್ದಾದಾಗ ಅಸಲನ್ನೂ ತೆರಿಗೆ ಕಳೆದು ಉಳಿದ ಬಡ್ಡಿಯನ್ನೂ ಎನ್‌ಆರ್‌ಇಗೇ ಜಮಾ ಮಾಡಿಸಿಕೊಳ್ಳಬಹುದು. ಅದಕ್ಕೆ ಬ್ಯಾಂಕ್ ಮೂಲ ಪಾವತಿಯ ದಾಖಲೆ ಕೇಳುತ್ತದೆ.