ಕ್ಲೇಮ್ ಕನ್ಸಲ್ಟೆಂಟ್‌ಗೆ ಕೊಡುವ ಪರ್ಸೆಂಟ್ ಗಿಟ್ಟುತ್ತದೆಯೇ? ಬೆಂಗಳೂರಿನ ಆಸ್ತಿ ವಿಮೆ ಸಹಾಯ ಸೇವೆಗಳ ವಿಮರ್ಶೆ

ಮಳೆ ನೀರು ಬೇಸ್‌ಮೆಂಟಿಗೆ ನುಗ್ಗಿದ ಎರಡು ಮೂರು ದಿನದಲ್ಲಿ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿಗೆ ಒಂದು ವಿಸಿಟಿಂಗ್ ಕಾರ್ಡಿನ ಫೋಟೊ ಬಂದೇ ಬರುತ್ತದೆ: ಫೈರ್, ಫ್ಲಡ್ ಕ್ಲೇಮ್ ಮಾಡಿಸಿಕೊಡುತ್ತೇವೆ, ಹಣ ಬಂದ ಮೇಲೆ ಫೀ ಕೊಟ್ಟರೆ ಸಾಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಮುಳುಗಿದ್ದನ್ನೂ 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಿಂದ ಜನರನ್ನು ದೋಣಿಯಲ್ಲಿ ಕರೆತಂದಿದ್ದನ್ನೂ ನೋಡಿದ ಊರಿದು. ಇಂಥದ್ದೊಂದು ಸೇವೆ ಇರಲಿ ಅನ್ನಿಸುವುದರಲ್ಲಿ ತಪ್ಪಿಲ್ಲ. ಆದರೆ ಯಾರಿಗೆ ಬೇಕು, ಯಾವಾಗ ಬೇಕು, ಎಷ್ಟು ಕೊಡಬೇಕು ಅನ್ನುವುದು ಆ ಕಾರ್ಡಿನಲ್ಲಿ ಬರೆದಿರುವುದಿಲ್ಲ.

ಅಮೆರಿಕದಲ್ಲಿ ಈ ಕೆಲಸ ಮಾಡುವವರನ್ನು ಪಬ್ಲಿಕ್ ಅಡ್ಜಸ್ಟರ್ ಅನ್ನುತ್ತಾರೆ. ಬಹುತೇಕ ರಾಜ್ಯಗಳಲ್ಲಿ ಅವರಿಗೆ ಸರ್ಕಾರದ ಲೈಸೆನ್ಸ್ ಬೇಕು. ಆಸ್ತಿ ಮಾಲೀಕರ ಪರ ನಿಂತು ನಷ್ಟ ಲೆಕ್ಕ ಹಾಕಿ ವಿಮಾ ಕಂಪನಿಯ ಜೊತೆ ಮಾತಾಡುವುದು ಅವರ ಕೆಲಸ. ಫೀಗೂ ಮಿತಿ ಇದೆ. ಟೆಕ್ಸಸ್‌ನಲ್ಲಿ ಶೇ 10, ಫ್ಲೋರಿಡಾದಲ್ಲಿ ಶೇ 20, ಅಲ್ಲೇ ಗವರ್ನರ್ ತುರ್ತುಸ್ಥಿತಿ ಘೋಷಿಸಿದ ಚಂಡಮಾರುತದ ನಷ್ಟವಾದರೆ ಮೊದಲ ವರ್ಷ ಶೇ 10. ನಮ್ಮಲ್ಲಿ ಆ ಹೆಸರಿನ ಲೈಸೆನ್ಸೇ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ ಲೈಸೆನ್ಸ್ ಇರುವುದು ನಷ್ಟ ಅಳೆಯುವ ಸರ್ವೇಯರ್‌ಗೆ ಮತ್ತು ಪಾಲಿಸಿ ಕೊಡಿಸುವ ಬ್ರೋಕರ್‌ಗೆ. 'ಕ್ಲೇಮ್ ಕನ್ಸಲ್ಟೆಂಟ್' ಎಂದು ಬೋರ್ಡು ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ, ಅವರ ಫೀಗೆ ಯಾರೂ ಮಿತಿ ಹಾಕಿಲ್ಲ. ವಿಮಾ ಕಂಪನಿಯಲ್ಲಿ ಕ್ಲೇಮ್ ವಿಭಾಗ ನೋಡಿ ನಿವೃತ್ತರಾದವರು, ಹಳೇ ಸರ್ವೇಯರ್‌ಗಳು, ಒಬ್ಬಿಬ್ಬರು ಚಾರ್ಟರ್ಡ್ ಅಕೌಂಟೆಂಟ್‌ಗಳು ಈ ಕಸುಬಿನಲ್ಲಿ ಸಿಗುತ್ತಾರೆ. ಹೋದ ವರ್ಷದವರೆಗೆ ಸೈಟು ಮಾರಿಸುತ್ತಿದ್ದವರೂ ಸಿಗುತ್ತಾರೆ.

ಸರ್ವೇಯರ್ ಬಗ್ಗೆ ಇರುವ ಒಂದು ತಪ್ಪು ತಿಳಿವಳಿಕೆಯಿಂದಲೇ ಈ ವ್ಯಾಪಾರ ಅರ್ಧ ನಡೆಯುತ್ತದೆ. ವಿಮಾ ಕಾಯ್ದೆಯ 64ಯುಎಂ ಕಲಮಿನ ಪ್ರಕಾರ, ನಿಗದಿತ ಮೊತ್ತ ಮೀರಿದ ನಷ್ಟವನ್ನು ಲೈಸೆನ್ಸ್ ಇರುವ ಸರ್ವೇಯರ್ ನೋಡಿ ವರದಿ ಕೊಡಲೇಬೇಕು. ಅವರನ್ನು ನೇಮಿಸುವುದು ಕಂಪನಿ, ಫೀ ಕೊಡುವುದೂ ಕಂಪನಿ. ಹಾಗಂತ ಅವರು ನಿಮ್ಮ ವೈರಿಯಲ್ಲ, ನಿಮ್ಮ ಕಡೆಯವರೂ ಅಲ್ಲ. ನೀವು ಮುಂದಿಟ್ಟ ಕಾಗದದಲ್ಲಿ ಇಲ್ಲದ್ದನ್ನು ಅವರು ಹುಡುಕಿ ಸೇರಿಸುವುದಿಲ್ಲ, ಅಷ್ಟೆ. ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ಅಲ್ಲಿಂದ 7 ದಿನದಲ್ಲಿ ಕಂಪನಿಯ ತೀರ್ಮಾನ ಎಂದು 2024ರಲ್ಲಿ ಐಆರ್‌ಡಿಎಐ ಹೇಳಿದೆ. ಅಂದರೆ ಲೆಕ್ಕ ಕೂರುವುದು ಮೊದಲ ಒಂದೆರಡು ವಾರದಲ್ಲಿ. ಕನ್ಸಲ್ಟೆಂಟ್ ಉಪಯೋಗಕ್ಕೆ ಬಂದರೆ ಆ ದಿನಗಳಲ್ಲೇ ಬರಬೇಕು. ವರದಿ ಕಂಪನಿಗೆ ಹೋದ ಮೇಲೆ ಬಂದು 'ಒಳಗೆ ನಮ್ಮವರಿದ್ದಾರೆ' ಅನ್ನುವವರು ಮಾರುವುದು ಬರೀ ಮಾತು.

ಒಳ್ಳೆಯವರ ಕೆಲಸ ಹೇಗಿರುತ್ತದೆ ಎಂದು ನೋಡಲು ನೀರು ಇಳಿದ ಬೇಸ್‌ಮೆಂಟೇ ಸಾಕು. ಬಂದವರು ಮೊದಲು ಪಾಲಿಸಿ ಕೇಳುವುದಿಲ್ಲ, ಗೋಡೆ ನೋಡುತ್ತಾರೆ. ನೀರು ನಿಂತ ಎತ್ತರಕ್ಕೆ ಕೆಸರಿನ ಗೆರೆ ಬಿದ್ದಿರುತ್ತದಲ್ಲ, ಅದರ ಪಕ್ಕ ಟೇಪು ಹಿಡಿದು ನಾಲ್ಕೂ ಮೂಲೆಯಲ್ಲಿ ಫೋಟೊ ತೆಗೆಯುತ್ತಾರೆ. ಗೆರೆ 3 ಅಡಿ 4 ಇಂಚಿಗಿದ್ದರೆ, ಅದಕ್ಕಿಂತ ಕೆಳಗಿದ್ದ ಪ್ರತಿ ವಸ್ತುವೂ ಪಟ್ಟಿಗೆ ಬರುತ್ತದೆ, ಮೇಲಿದ್ದದ್ದು ಬರುವುದಿಲ್ಲ. ಹೌಸ್‌ಕೀಪಿಂಗ್‌ನವರು ಅಷ್ಟರೊಳಗೆ ಗೋಡೆ ತೊಳೆದಿದ್ದರೆ ಈ ಸಾಕ್ಷಿ ಹೋಯಿತು. ಆಮೇಲೆ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ದಾಖಲೆ, ಆ ದಿನದ ಪತ್ರಿಕೆ ಸುದ್ದಿ, ಸಿಸಿಟಿವಿ ತುಣುಕು ಜೋಡಿಸಿದರೆ 'ಇದು ಪ್ರವಾಹವೋ, ಬಹಳ ದಿನದ ಸೋರಿಕೆಯೋ' ಅನ್ನುವ ಪ್ರಶ್ನೆ ಏಳುವುದಿಲ್ಲ.

ಮುಂದಿನ ಸರದಿ ಮೋಟಾರು, ಡಿಜಿ ಸೆಟ್ಟು (ಡೀಸೆಲ್ ಜನರೇಟರ್), ಪ್ಯಾನೆಲ್ ಬೋರ್ಡುಗಳದು. ಅತಿ ದುಬಾರಿ ತಪ್ಪು ಆಗುವುದು ಇಲ್ಲೇ. ನೀರು ಖಾಲಿಯಾದ ಕೂಡಲೇ ಪ್ಲಂಬರ್ 'ಒಮ್ಮೆ ಆನ್ ಮಾಡಿ ನೋಡೋಣ' ಅನ್ನುತ್ತಾನೆ. ಒದ್ದೆ ವೈಂಡಿಂಗ್‌ಗೆ ಕರೆಂಟು ಹೋದರೆ ಸುಟ್ಟೇ ಹೋಗುತ್ತದೆ. ಒಣಗಿಸಿ ವಾರ್ನಿಶ್ ಮಾಡಿದ್ದರೆ ಉಳಿಯುತ್ತಿದ್ದ ಮೋಟಾರು ಅದು. ಆ ಸುಟ್ಟ ನಷ್ಟ ನೀರಿನಿಂದಲ್ಲ, ನಿಮ್ಮ ಅಜಾಗ್ರತೆಯಿಂದ ಎಂದು ಬರೆದರೆ ಸರ್ವೇಯರ್‌ನ ದೂರುವಂತಿಲ್ಲ. ಕ್ರಮ ಇಷ್ಟು: ಮೇನ್ ತೆಗೆದು, ಪ್ರತಿ ಮೋಟಾರಿಗೂ ನಂಬರು ಬರೆದು, ಹೆಸರು ಫಲಕದ ಫೋಟೊ ತೆಗೆದು, ಮೆಗ್ಗರ್ ಎಂಬ ಮೀಟರಿನಲ್ಲಿ ಇನ್ಸುಲೇಶನ್ ನೋಡಿ ರೀಡಿಂಗ್ ಬರೆದಿಡುವುದು. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಸ್ವಿಚ್ ಮುಟ್ಟುವ ಹಾಗಿಲ್ಲ. ಒಣಗಿಸಿದ ಮೇಲೆ ಮತ್ತೆ ರೀಡಿಂಗ್. ಈ ಎರಡು ಅಂಕಿ ಇದ್ದರೆ ರಿಪೇರಿಯೋ, ಹೊಸದೋ ಎಂಬ ವಾದವೇ ಬೇಡ. ಲಿಫ್ಟಿನ ಕಾರ್ಡು, ಡಿಜಿಯ ಆಲ್ಟರ್ನೇಟರ್‌ಗೆ ಕಂಪನಿಯ ಸರ್ವಿಸ್ ಎಂಜಿನಿಯರ್ ಬರೆದ ವರದಿ ಬೇಕು. 'ಕೆಟ್ಟಿದೆ, ಬದಲಿಸಿ' ಎಂದು ಎರಡು ಪದ ಬರೆದರೆ ಸಾಲದು, ಯಾಕೆ ರಿಪೇರಿಯಾಗದು ಎಂದು ಬರೆಸಬೇಕು.

ಎಸ್ಟಿಮೇಟೂ ಹಾಗೇ. 'ವಾರ್ಡ್‌ರೋಬ್ ಕೆಲಸ, 2 ಲಕ್ಷ' ಎಂದು ಒಂದೇ ಸಾಲಿನ ಎಸ್ಟಿಮೇಟು ಕೊಟ್ಟರೆ ಕತ್ತರಿ ಬೀಳುವುದು ಖಂಡಿತ. ಎಷ್ಟು ಚದರಡಿ, 18 ಎಂಎಂ ಪ್ಲೈವುಡ್ಡು ಯಾವ ದರ್ಜೆ, ಲ್ಯಾಮಿನೇಟ್, ಹಿಂಜು, ಕೂಲಿ ಎಲ್ಲ ಬಿಡಿಬಿಡಿಯಾಗಿ ಇರಬೇಕು. ಕೆಳಗಿನ ಒಂದೂವರೆ ಅಡಿ ಮಾತ್ರ ಉಬ್ಬಿದ್ದರೆ ಪೂರ್ತಿ ಬೀರು ಯಾಕೆ ಬದಲಿಸಬೇಕು ಅನ್ನುವುದಕ್ಕೂ ಒಂದು ವಾಕ್ಯ ಬೇಕು. ಇಷ್ಟನ್ನು ಬರೆಯಲು ತಾಳ್ಮೆ ಇರುವವರಿಗೆ ಕನ್ಸಲ್ಟೆಂಟ್ ಬೇಡವೇ ಬೇಡ.

ಕನ್ಸಲ್ಟೆಂಟ್ ನಿಜವಾಗಿ ಬೆಲೆ ಬಾಳುವುದು ಸ್ಟಾಕ್ ಕ್ಲೇಮಿನಲ್ಲಿ. ಚಿಕ್ಕಪೇಟೆಯ ಬಟ್ಟೆ ಗೋದಾಮಿಗೆ ನೀರು ನುಗ್ಗಿತು ಅನ್ನಿ. ಏಪ್ರಿಲ್ 1ಕ್ಕೆ ಸ್ಟಾಕ್ 40 ಲಕ್ಷ, ಅಲ್ಲಿಂದ ಖರೀದಿ 90 ಲಕ್ಷ, ಮಾರಾಟ 1 ಕೋಟಿ. ಲಾಭಾಂಶ ಶೇ 15 ಆದರೆ ಮಾರಿದ ಮಾಲಿನ ಅಸಲು 85 ಲಕ್ಷ, ಪುಸ್ತಕದ ಪ್ರಕಾರ ಒಳಗಿರಬೇಕಾದದ್ದು 45 ಲಕ್ಷದ ಮಾಲು. ಪಾಲಿಸಿ ಮಾಡಿಸಿದ್ದು 30 ಲಕ್ಷಕ್ಕೆ. ಇರುವ ಮಾಲಿಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನಷ್ಟ 9 ಲಕ್ಷವಾದರೂ ಕೈಗೆ ಬರುವುದು 45ಕ್ಕೆ 30ರ ಪ್ರಮಾಣದಲ್ಲಿ 6 ಲಕ್ಷ. ಸಣ್ಣ ಉದ್ಯಮಗಳ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಗೆ ಮಾಫಿ ಇದೆ, ಇಲ್ಲಿ ಕೊರತೆ ಅದನ್ನು ದಾಟಿದೆ. ಸಾಲದ್ದಕ್ಕೆ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ, ಓಡಿ (ಓವರ್‌ಡ್ರಾಫ್ಟ್ ಸಾಲ) ಲಿಮಿಟ್ ಉಳಿಸಿಕೊಳ್ಳಲು 60 ಲಕ್ಷ ಎಂದು ಬರೆದಿರುತ್ತದೆ. ಸರ್ವೇಯರ್ ಅದನ್ನೇ ಹಿಡಿದರೆ ಪ್ರಮಾಣ ಅರ್ಧಕ್ಕೆ ಇಳಿದು ನಾಲ್ಕೂವರೆ ಲಕ್ಷ. ಪುಸ್ತಕ, ಜಿಎಸ್‌ಟಿ ರಿಟರ್ನು, ಬ್ಯಾಂಕಿನ ಸ್ಟೇಟ್‌ಮೆಂಟು ಮೂರನ್ನೂ ಹೊಂದಿಸಿ, ವ್ಯತ್ಯಾಸಕ್ಕೆ ಕಾರಣ ಬರೆದುಕೊಡುವುದು ಗೊತ್ತಿದ್ದವರ ಕೆಲಸ.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಅಂಗಡಿಯವರು ಕಳೆದುಕೊಳ್ಳುವುದು ಇದರಲ್ಲೇ. ಹಾಳಾದ ಮಾಲಿನ ಮೇಲೆ ತೆಗೆದುಕೊಂಡಿದ್ದ ಇನ್‌ಪುಟ್ ತೆರಿಗೆ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಗೆ ಸಿಗುವ ವಜಾ) ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ವಾಪಸ್ ಮಾಡಬೇಕು. ಅಂದರೆ ಆ ತೆರಿಗೆಯೂ ನಿಮ್ಮ ನಷ್ಟವೇ. ವಿಮಾ ಮೊತ್ತದಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಕೇಳಬಹುದು, ಆದರೆ ಕೇಳಿದವರಿಗೆ ಮಾತ್ರ. ಹಾಳಾದ ಮಾಲನ್ನು ಪೂರ್ತಿ ಒದ್ದೆ, ಅರೆಒದ್ದೆ, ಚೆನ್ನಾಗಿರುವುದು ಎಂದು ಬೇರೆ ಮಾಡಿ, ತೂಕ ಹಾಕಿ, ಸರ್ವೇಯರ್ ನೋಡುವವರೆಗೆ ಇಟ್ಟಿರಬೇಕು. ವಾಸನೆ ಬರುತ್ತದೆ ಎಂದು ರಾತ್ರೋರಾತ್ರಿ ಗುಜರಿಗೆ ಹಾಕಿದರೆ, ನೀವು ಹೇಳಿದ ಲೆಕ್ಕಕ್ಕೆ ಸಾಕ್ಷಿ ಯಾರು? ಹಾಳಾದ ಮಾಲು ಮಾರಿದರೆ ಸಿಗುವ ಸಾಲ್ವೇಜ್ ಬೆಲೆಯನ್ನು ಕ್ಲೇಮಿನಿಂದ ಕಳೆಯುತ್ತಾರೆ, ಹಾಗಾಗಿ ಮೂರು ಕಡೆಯಿಂದ ಕೊಟೇಶನ್ ತರಿಸಿಡುವ ಕನ್ಸಲ್ಟೆಂಟ್ ಅಷ್ಟರಲ್ಲೇ ತನ್ನ ಫೀ ಹುಟ್ಟಿಸಿರುತ್ತಾನೆ.

ಫೀ ವಿಚಾರದಲ್ಲಿ ಮಾತ್ರ ಈ ಸೇವೆಗೆ ಒಳ್ಳೆ ಅಂಕ ಕೊಡಲಾಗದು. ಪರ್ಸೆಂಟು ಯಾವುದರ ಮೇಲೆ ಎಂದು ಮೊದಲೇ ಸ್ಪಷ್ಟವಾಗಿ ಬರೆಯುವವರು ಕಡಿಮೆ. ಒಂದು ಉದಾಹರಣೆ: ಕಂಪನಿ 6,40,000 ರೂ. ಕೊಡಲು ಒಪ್ಪಿದೆ. ಕನ್ಸಲ್ಟೆಂಟ್ ಅದನ್ನು 7,20,000ಕ್ಕೆ ಏರಿಸಿದ. ಒಟ್ಟು ಮೊತ್ತಕ್ಕೆ ಶೇ 10 ಎಂದರೆ 72,000, ಅದಕ್ಕೆ ಶೇ 18 ಜಿಎಸ್‌ಟಿ 12,960. ನಿಮ್ಮ ಕೈಯಲ್ಲಿ ಉಳಿದದ್ದು 6,35,040. ಅಂದರೆ ಅವನು ಬರದೇ ಇದ್ದಿದ್ದರೆ 4,960 ರೂ. ಹೆಚ್ಚು ಸಿಗುತ್ತಿತ್ತು! ಏರಿಸಿದ 80,000ದ ಮೇಲೆ ಶೇ 25 ಕೊಟ್ಟರೂ ಜಿಎಸ್‌ಟಿ ಸೇರಿ 23,600. ನಿಮಗೆ 56,400 ಲಾಭ. ಆದ್ದರಿಂದ ಕಂಪನಿಯ ಮೊತ್ತ ಗೊತ್ತಾದ ಮೇಲೆ ಸೇರುವವರಿಗೆ ಏರಿಕೆಯ ಮೇಲೆ ಮಾತ್ರ ಪರ್ಸೆಂಟು, ಮೊದಲ ದಿನದಿಂದ ಕೆಲಸ ಮಾಡುವವರಿಗೆ ಇಷ್ಟು ಎಂದು ನಿಗದಿ ಫೀ. ಇದಕ್ಕೆ ಒಪ್ಪದವರನ್ನು ಬಿಡುವುದೇ ವಾಸಿ. 'ಪಾಲಿಸಿಯಲ್ಲೇ ಶೇ 5 ಫೀ ಸಿಗುತ್ತೆ ಸಾರ್, ನಿಮ್ಮ ಕೈಯಿಂದ ಏನೂ ಇಲ್ಲ' ಎಂದರೆ ನಂಬಬೇಡಿ. ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆ ಪಾಲಿಸಿಯಲ್ಲಿರುವ ಆ ಶೇ 5 ಆರ್ಕಿಟೆಕ್ಟ್, ಸರ್ವೇಯರ್, ಎಂಜಿನಿಯರ್‌ಗಳ ಫೀಗೆ ಇಟ್ಟಿದ್ದು, ಕ್ಲೇಮ್ ಕಾಗದ ತಯಾರಿಸುವವರಿಗಲ್ಲ.

ಕೆಲವು ಲಕ್ಷಣ ಕಂಡರೆ ಅಲ್ಲೇ ಮಾತು ನಿಲ್ಲಿಸಬೇಕು: ಖಾಲಿ ಕ್ಲೇಮ್ ಫಾರಂಗೆ ಸಹಿ ಕೇಳುವುದು, ಹಣ ತನ್ನ ಖಾತೆಗೆ ಬರಲಿ ಅನ್ನುವುದು, ಟೆರೇಸಿನ ಹಳೇ ಸೋರಿಕೆಯನ್ನು 'ಪ್ರವಾಹ ಅಂತ ಬರೆಯೋಣ' ಅನ್ನುವುದು. ಕೊನೆಯದ್ದು ಬರೀ ಆ ಬಾಬ್ತನ್ನಲ್ಲ, ಸುಳ್ಳು ಹೇಳಿಕೆಯ ಷರತ್ತಿನಡಿ ಇಡೀ ಕ್ಲೇಮನ್ನೇ ಮುಳುಗಿಸುತ್ತದೆ. ಗೋಡೆಯ ತೇವ ಎಷ್ಟು ಹಳೆಯದು ಎಂದು ಸರ್ವೇಯರ್‌ಗೆ ಉಪ್ಪು ಬಿಟ್ಟ ಪ್ಲಾಸ್ಟರ್ ನೋಡಿದರೇ ತಿಳಿಯುತ್ತದೆ.

ಶಾರ್ಟ್ ಸರ್ಕಿಟ್ ಬೆಂಕಿಯಲ್ಲೂ ಜನ ಹೆಚ್ಚು ನಿರೀಕ್ಷಿಸುತ್ತಾರೆ. ಕಿಡಿ ಹುಟ್ಟಿದ ಆ ಒಂದು ಉಪಕರಣಕ್ಕೆ ಬೆಂಕಿ ಪಾಲಿಸಿ ಕೊಡುವುದಿಲ್ಲ, ಅಲ್ಲಿಂದ ಹಬ್ಬಿ ಸುಟ್ಟಿದ್ದಕ್ಕೆ ಕೊಡುತ್ತದೆ. ಪಟ್ಟಿ ಮಾಡುವಾಗಲೇ ಎರಡನ್ನೂ ಬೇರೆ ಮಾಡಿ, ಅಗ್ನಿಶಾಮಕ ಠಾಣೆಯ ವರದಿ ಜೊತೆಗಿಡಬೇಕು.

ಕಂಪನಿ ತಿರಸ್ಕರಿಸಿದರೆ ಅಥವಾ ಕಡಿಮೆ ಕೊಟ್ಟರೆ ಕನ್ಸಲ್ಟೆಂಟ್ ಉಪಯೋಗ ಇನ್ನೂ ಕುಗ್ಗುತ್ತದೆ. ಮೊದಲು ಸರ್ವೇ ವರದಿಯ ಪ್ರತಿ ಕೇಳಿ ಪಡೆಯಿರಿ. ಅದು ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ, ಆದರೆ ತಪ್ಪು ಎಲ್ಲಿದೆ ಎಂದು ಬಾಬ್ತುವಾರು ನೀವೇ ತೋರಿಸಬೇಕು. ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿರುವ, ಪಾಲಿಸಿದಾರರ ದೂರು ಕೇಳಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷ ರೂ. ವರೆಗಿನ ದೂರು, ಒಂದು ವರ್ಷದೊಳಗೆ, ಫೀ ಇಲ್ಲ. ಮನೆ ಮಾಲೀಕರಷ್ಟೇ ಅಲ್ಲ, ಒಬ್ಬರೇ ಮಾಲೀಕರಾದ ಅಂಗಡಿ, ಅತಿಸಣ್ಣ ಉದ್ಯಮದವರೂ ಹೋಗಬಹುದು. ಅಲ್ಲಿ ವಕೀಲರೂ ಏಜೆಂಟರೂ ನಿಮ್ಮ ಪರ ವಾದಿಸುವಂತಿಲ್ಲ. 'ಒಂಬುಡ್ಸ್‌ಮನ್ ಕೇಸು ನಾವೇ ನಡೆಸಿಕೊಡ್ತೀವಿ' ಎಂದು ಪ್ಯಾಕೇಜು ಮಾರುವವರು ಮಾರುತ್ತಿರುವುದು ಒಂದು ಅರ್ಜಿ ಬರೆಯುವ ಕೆಲಸವನ್ನಷ್ಟೆ.

ಹಾಗಾದರೆ ಯಾರಿಗೆ ಶಿಫಾರಸು? ಭಾರತ್ ಗೃಹ ರಕ್ಷಾ ಇರುವ ಮನೆಯವರಿಗೆ ಬೇಡ. ಅದರಲ್ಲಿ ಕಡಿಮೆ ವಿಮೆಯ ಕಡಿತವೇ ಇಲ್ಲ. ಕಟ್ಟಡಕ್ಕೆ ವಿಮೆ ಮಾಡಿಸಿದ್ದರೆ ಒಳಗಿನ ಸಾಮಾನಿಗೆ ಅದರ ಶೇ 20, ಗರಿಷ್ಠ 10 ಲಕ್ಷ ತಾನಾಗಿ ಸೇರುತ್ತದೆ. ಫೋಟೊ, ಬಿಲ್ಲು, ಬಿಡಿ ಎಸ್ಟಿಮೇಟು ಇದ್ದರೆ ನಡೆಯುತ್ತದೆ. ಬ್ರೋಕರ್ ಮೂಲಕ ಪಾಲಿಸಿ ಕೊಂಡ ಕಂಪನಿ, ಅಸೋಸಿಯೇಷನ್‌ಗಳು ಮೊದಲು ಅವರನ್ನೇ ಎಬ್ಬಿಸಲಿ, ಕ್ಲೇಮಿಗೆ ನೆರವಾಗುವುದು ಅವರ ಕರ್ತವ್ಯ. ಸ್ಟಾಕು, ಯಂತ್ರ, ಕಟ್ಟಡ ಮೂರೂ ಕೂಡಿದ ಪೀಣ್ಯ, ಬೊಮ್ಮಸಂದ್ರದ ಶೆಡ್ಡುಗಳಿಗೆ, ಪುಸ್ತಕ ಅಷ್ಟು ನೇರವಿಲ್ಲದ ಗೋದಾಮುಗಳಿಗೆ ಕನ್ಸಲ್ಟೆಂಟ್ ಬೇಕು. ಅಂಥವರು ಬೆಂಕಿ ವಿಭಾಗದ ಸರ್ವೇಯರ್ ಆಗಿದ್ದವರನ್ನೇ ಹುಡುಕಲಿ, ಮೋಟಾರು ವಾಹನದ ಕ್ಲೇಮ್ ಮಾಡಿಸಿ ಪಳಗಿದವರನ್ನಲ್ಲ. ಮೊದಲ ಭೇಟಿಯಲ್ಲಿ ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟು ಕೇಳಿದರೆ ಕೆಲಸ ಬಲ್ಲವರು ಅನ್ನಿ. ಮೊದಲು ಫೀ ಒಪ್ಪಂದವನ್ನೇ ಮೇಜಿನ ಮೇಲಿಟ್ಟರೆ ಕಾಫಿ ಕುಡಿಸಿ ಕಳಿಸಿ.