ಹೊಗೆ ಮಷೀನೋ, ಕೈಪಂಪೋ? ಅರ್ಧ ಮಿಲಿಮೀಟರ್ ಸೋರಿಕೆಯ ಬೆನ್ನು ಹತ್ತಿ

ಕ್ಯಾಲಿಫೋರ್ನಿಯಾದಲ್ಲಿ ಹಳೇ ಕಾರು ಇಟ್ಟುಕೊಂಡವರಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಪರೀಕ್ಷೆ, ಅಂದರೆ ವಾಹನದ ಮಾಲಿನ್ಯ ತಪಾಸಣೆ, ತಪ್ಪಿದ್ದಲ್ಲ. ನನ್ನ 2009ರ ಕಾರಿಗೆ ಅದರ ನೋಟಿಸ್ ಬಂದ ವಾರವೇ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಕೋಡ್ ಪಿ0456. ಪೆಟ್ರೋಲ್ ಆವಿಯ ವ್ಯವಸ್ಥೆಯಲ್ಲಿ ಅತಿ ಸಣ್ಣ ಸೋರಿಕೆ, ಅಂದರೆ ಸುಮಾರು ಅರ್ಧ ಮಿಲಿಮೀಟರ್ ತೂತು. ಕಾರಿನ ಓಟಕ್ಕೆ ಏನೂ ತೊಂದರೆ ಇಲ್ಲ. ಆದರೆ ದೀಪ ಉರಿಯುತ್ತಿದ್ದರೆ ಸ್ಮಾಗ್‌ನಲ್ಲಿ ಫೇಲ್.

ಈ ವ್ಯವಸ್ಥೆ ಕೆಲಸ ಮಾಡೋದು ಸರಳ. ಟ್ಯಾಂಕಿನಲ್ಲೇಳುವ ಆವಿಯನ್ನು ಇದ್ದಿಲು ತುಂಬಿದ ಕ್ಯಾನಿಸ್ಟರ್ ಹೀರಿಟ್ಟುಕೊಳ್ಳುತ್ತೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು ಅದನ್ನು ಒಳಗೆಳೆದು ಸುಡುತ್ತೆ. ಕ್ಯಾನಿಸ್ಟರಿನ ಇನ್ನೊಂದು ತುದಿಯ ವೆಂಟ್ ವಾಲ್ವ್ ಸಾಮಾನ್ಯವಾಗಿ ತೆರೆದೇ ಇದ್ದು, ಸೋರಿಕೆ ಪರೀಕ್ಷೆಯ ಹೊತ್ತಿಗೆ ಮುಚ್ಚಿಕೊಳ್ಳುತ್ತೆ. ಪರ್ಜ್‌ನದು ಉಲ್ಟಾ. ಕರೆಂಟ್ ಇಲ್ಲದಿದ್ದರೆ ಅದು ಬಿಗಿಯಾಗಿ ಮುಚ್ಚಿರಬೇಕು. ನನ್ನ ತಲೆನೋವೆಲ್ಲ ಈ ಒಂದು ಮಾತಿನ ಸುತ್ತಲೇ ಇತ್ತು, ನನಗೆ ಹೊಳೆಯಲಿಲ್ಲ ಅಷ್ಟೇ.

ಮೊದಲು ಎಲ್ಲರೂ ಹೇಳುವಂತೆ ಟ್ಯಾಂಕಿನ ಮುಚ್ಚಳ. ಕಂಪನಿಯದ್ದೇ ಹೊಸದು ತಂದು ಹಾಕಿ, ಕೋಡ್ ಅಳಿಸಿದೆ. ಎಂಟು ದಿನ ದೀಪ ಇಲ್ಲ, ಗೆದ್ದೆ ಅಂದುಕೊಂಡೆ, ಒಂಬತ್ತನೇ ದಿನ ಹಾಜರ್. ಸೋರಿಕೆ ಪರೀಕ್ಷೆಯನ್ನು ಕಾರು ಮನಸ್ಸಿಗೆ ಬಂದಾಗ ಮಾಡಲ್ಲ. ಟ್ಯಾಂಕು ಹೆಚ್ಚುಕಮ್ಮಿ ಶೇ. 15ರಿಂದ 85ರ ನಡುವೆ ಇರಬೇಕು, ಎಂಜಿನ್ ರಾತ್ರಿಯೆಲ್ಲ ತಣ್ಣಗಾಗಿರಬೇಕು. ಹಾಗಾಗಿ ನಾಲ್ಕು ದಿನ ದೀಪ ಬರಲಿಲ್ಲ ಅಂತ ಸಿಹಿ ಹಂಚಬೇಡಿ. ಇಪ್ಪತ್ತು ಡಾಲರಿನ ಬ್ಲೂಟೂತ್ ರೀಡರ್ ಕೋಡ್ ತೋರಿಸುತ್ತೆ, ಅಳಿಸುತ್ತೆ. ಅದರಾಚೆ ಸೋರಿಕೆ ಎಲ್ಲಿ ಅಂತ ಅದಕ್ಕೂ ಗೊತ್ತಿಲ್ಲ.

ಆಮೇಲೆ ಹತ್ತಿರದ ಗ್ಯಾರೇಜಿನಲ್ಲಿ 140 ಡಾಲರ್ ಕೊಟ್ಟು ಈ ವ್ಯವಸ್ಥೆಯೊಳಗೆ ಹೊಗೆ ಬಿಡಿಸಿದೆ, ತೂತಿದ್ದಲ್ಲಿ ಅದು ಹೊರಬಂದು ಕಾಣುತ್ತೆ ಅಂತ. ಬಾನೆಟ್ ಅಡಿಯ ಹಸಿರು ಮುಚ್ಚಳದ ಪೋರ್ಟಿಗೆ ಪೈಪು ಸಿಕ್ಕಿಸಿ, ಸ್ಕ್ಯಾನರ್‌ನಿಂದ ವೆಂಟ್ ವಾಲ್ವ್ ಮುಚ್ಚಿಸಿ, ಒಂದು ಪಿಎಸ್‌ಐಗಿಂತ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿಸಿದರು. ಸೋರಿಕೆ ಇಲ್ಲದಿದ್ದರೆ ಮಷೀನಿನ ನಳಿಗೆಯೊಳಗಿನ ಪುಟ್ಟ ಗುಂಡು ಕೆಳಗಿಳಿದು ಕೂರಬೇಕು. ಅದು ತಳ ಮುಟ್ಟದೆ ಅಲ್ಲೇ ನಡುಗುತ್ತಿತ್ತು. ಅಂದರೆ ಹೊಗೆ ಎಲ್ಲೋ ಹೋಗ್ತಾ ಇದೆ! ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಕ್ಯಾನಿಸ್ಟರ್, ಪೈಪು, ಟ್ಯಾಂಕಿನ ಕುತ್ತಿಗೆ ಎಲ್ಲಕ್ಕೂ ಟಾರ್ಚ್ ಹಿಡಿದ. ಒಂದು ಎಳೆ ಹೊಗೆಯೂ ಕಾಣಲಿಲ್ಲ. "ಟ್ಯಾಂಕಿನ ನೆತ್ತಿಯ ಮೇಲಿರಬೇಕು, ಟ್ಯಾಂಕ್ ಇಳಿಸೋಣ" ಅಂದ. ಇನ್ನೂ ಆರುನೂರು ಡಾಲರ್. ಯೋಚಿಸಿ ಹೇಳ್ತೀನಿ ಅಂತ ಜಾಗ ಖಾಲಿ ಮಾಡಿದೆ.

ಅದೇ ಶನಿವಾರ ನಲವತ್ತು ಡಾಲರಿನ ವ್ಯಾಕ್ಯೂಮ್ ಕೈಪಂಪು ತಂದೆ. ಎರಡು ಬೋಲ್ಟ್ ಬಿಚ್ಚಿ, ಪ್ಲಗ್ ಕಿತ್ತು, ಪರ್ಜ್ ವಾಲ್ವನ್ನು ಕೈಗೆ ತೆಗೆದುಕೊಂಡು, ಎಂಜಿನ್ ಕಡೆಯ ಮೂತಿಗೆ ಪಂಪು ಸಿಕ್ಕಿಸಿ ನಾಲ್ಕೈದು ಸಲ ಒತ್ತಿದೆ. ಮುಳ್ಳು 15ಕ್ಕೆ ಏರಿ, ನಾನು ನೋಡ್ತಾ ಇದ್ದ ಹಾಗೇ ಸೊನ್ನೆಗೆ ಜಾರಿತು. ವಾಲ್ವನ್ನು ಅಂಗೈಗೆ ಕುಟ್ಟಿದರೆ ಸಾಸಿವೆ ಕಾಳಿನಷ್ಟು ದೊಡ್ಡ ಕಪ್ಪು ಹರಳು ನಾಲ್ಕಾರು ಉದುರಿದವು. ಕ್ಯಾನಿಸ್ಟರಿನ ಇದ್ದಿಲು!

ಗ್ಯಾರೇಜಿನ ಹೊಗೆ ಈ ಪೂರ್ತಿ ಮುಚ್ಚದ ವಾಲ್ವ್ ಮೂಲಕ ಎಂಜಿನ್ನಿನೊಳಕ್ಕೆ ನುಸುಳಿ ಏರ್ ಫಿಲ್ಟರ್ ಕಡೆ ಹೋಗುತ್ತಿತ್ತು. ಕಾರಿನ ಹೊಟ್ಟೆಯ ಕೆಳಗೆ ಟಾರ್ಚ್ ಹಿಡಿದರೆ ಕಾಣೋದೆಲ್ಲಿಂದ? ಫಿಲ್ಟರ್ ಡಬ್ಬಿ ತೆರೆದಿದ್ದರೆ ಅಲ್ಲೇ ಸಿಕ್ಕಿರೋದು. ಪೆಟ್ರೋಲ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗೋಕೆ ತಿಣುಕುವುದು ಕೂಡ ಇದೇ ವಾಲ್ವಿನ ಲಕ್ಷಣ. ನನ್ನ ಕಾರು ಎರಡು ತಿಂಗಳಿಂದ ಹಾಗೆ ತಿಣುಕುತ್ತಿತ್ತು, ನಾನು ಬ್ಯಾಟರಿ ಹಳೇದಾಯ್ತು ಅಂತ ಸುಮ್ಮನಿದ್ದೆ.

ಹೋಲಿಸಲೇಬೇಕಲ್ಲ ಅಂತ ಹಳೇ ವಾಲ್ವನ್ನೇ ವಾಪಸ್ ಹಾಕಿ, ಗೆಳೆಯನ ದುಬಾರಿ ಸ್ಕ್ಯಾನರ್ ಜೋಡಿಸಿ ನೋಡಿದೆ. ಕಾರಿಗೆ ಆಜ್ಞೆ ಕೊಡಬಲ್ಲಂಥದ್ದು, 400 ಡಾಲರಿನದು. ಎಂಜಿನ್ ಐಡಲ್‌ನಲ್ಲಿಟ್ಟು, ಪರ್ಜ್ ವಾಲ್ವ್ ಪೂರ್ತಿ ಮುಚ್ಚು ಅಂತ ಆಜ್ಞೆ ಕೊಟ್ಟು, ವೆಂಟ್ ಕೂಡ ಮುಚ್ಚಿಸಿದೆ. ಟ್ಯಾಂಕಿನ ಒತ್ತಡ ಇದ್ದಲ್ಲೇ ಇರಬೇಕಿತ್ತು, ನಿಧಾನಕ್ಕೆ ಕೆಳಗಿಳಿಯತೊಡಗಿತು. ಅದೇ ಉತ್ತರ, ಎರಡೇ ನಿಮಿಷ, ಒಂದು ಬೋಲ್ಟೂ ಬಿಚ್ಚದೆ. ಜಾಸ್ತಿ ಹೊತ್ತು ಬಿಡಬೇಡಿ, ಎಂಜಿನ್ ಎಳೆತಕ್ಕೆ ಟ್ಯಾಂಕೇ ಒಳಕ್ಕೆ ಕುಗ್ಗಿಬಿಡಬಹುದು. ದಿನಾ ಇದೇ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೇದಿಲ್ಲ. ಒಂದೇ ಕಾರಿನವನಿಗೆ ನಲವತ್ತರ ಪಂಪು ಧಾರಾಳ ಸಾಕು.

ಹಾಗಂತ ಹೊಗೆಯನ್ನು ತೆಗಳಲಾರೆ. ಗೆಳೆಯನ ಕಾರಿಗೂ ಪಿ0442, ಅಂದರೆ ಇನ್ನೊಂದು ಆವಿ ಸೋರಿಕೆಯ ಕೋಡ್, ಬಂದಾಗ ಪರ್ಜ್, ವೆಂಟ್ ಎರಡೂ ನನ್ನ ಪಂಪಿನಲ್ಲಿ ಪಾಸಾದವು. ಅಲ್ಲಿಗೆ ಪಂಪಿನ ಬುದ್ಧಿ ಮುಗಿಯಿತು. ಬೇರೆ ಗ್ಯಾರೇಜಿನಲ್ಲಿ ಹೊಗೆ ಬಿಟ್ಟ ಹತ್ತು ನಿಮಿಷಕ್ಕೆ ಹಿಂಚಕ್ರದ ಒಳಗಿನ ರಬ್ಬರ್ ಪೈಪಿನ ಬಾಗಿನಿಂದ ಊದುಬತ್ತಿಯ ಹಾಗೆ ತೆಳ್ಳನೆ ಎಳೆಯೊಂದು ಎದ್ದಿತು. ಬಿರುಕು ಬರಿಗಣ್ಣಿಗೆ ಕಾಣುವಂಥದ್ದೇ ಅಲ್ಲ. ಆದರೆ ಪೇಂಟ್ ಡಬ್ಬಿ, ಬೇಬಿ ಆಯಿಲ್, ಕಂಪ್ರೆಸರ್ ಇಟ್ಟುಕೊಂಡು ಮನೆಯಲ್ಲೇ ಹೊಗೆ ಮಾಡುವ ವಿಡಿಯೊಗಳ ತಂಟೆಗೆ ಹೋಗಬೇಡಿ. ಪೆಟ್ರೋಲ್ ಆವಿ ಇರುವ ಟ್ಯಾಂಕಿಗೆ ಗಾಳಿ ತುಂಬುವ ಕೆಲಸ ಅದು. ಜಾಗ್ರತೆಯ ಗ್ಯಾರೇಜುಗಳು ನೈಟ್ರೋಜನ್ ಬಳಸುತ್ತವೆ.

ಇದ್ದಿಲು ಉದುರಿದ್ದು ಯಾಕೆ ಅಂತ ಕೇಳಬೇಡಿ ಅನ್ನೋಣ ಅಂದರೆ ಹೇಳಲೇಬೇಕು. ಊರಿನ ಬಂಕಿನಲ್ಲಿ "ರೌಂಡ್ ಫಿಗರ್ ಮಾಡಿಬಿಡಪ್ಪ" ಅಂತಿದ್ದ ಚಾಳಿ ಇಲ್ಲಿಗೂ ಬಂದಿತ್ತು. ಪೆಟ್ರೋಲ್ ತುಂಬಿಸುವ ಪಿಸ್ತೂಲು ಟಕ್ ಅಂತ ನಿಂತ ಮೇಲೂ ಒತ್ತಿ ಒತ್ತಿ ತುಂಬಿಸುತ್ತಿದ್ದೆ, ಹೆಚ್ಚಾದ ಪೆಟ್ರೋಲ್ ಕ್ಯಾನಿಸ್ಟರಿಗೇ ನುಗ್ಗಿ ಅದನ್ನು ಹಾಳು ಮಾಡಿತ್ತು. ವಾಲ್ವ್ ಮಾತ್ರ ಬದಲಿಸಿದ್ದಕ್ಕೆ ಆರು ವಾರದಲ್ಲಿ ಹೊಸದರೊಳಗೂ ಹರಳು. ಕೊನೆಗೆ ಕ್ಯಾನಿಸ್ಟರ್ ಹೊಸದು ಹಾಕಿ, ಪೈಪು ಊದಿ ಸ್ವಚ್ಛ ಮಾಡಿದ ಮೇಲೆಯೇ ಸ್ಮಾಗ್ ಪಾಸಾಗಿದ್ದು.